ಊರ ನಡುವಿನ ಬಯಲು

ಕುಂದಾಪುರದಲ್ಲಿ ಒಂದು ಗಾಂಧಿ ಮೈದಾನವಿದೆ. ಬ್ರಹ್ಮಾವರದಲ್ಲಿ ಒಂದಿದೆ. ಬೈಂದೂರಿನಲ್ಲಿಯೂ ಒಂದಿದೆ. ಬ್ರಹ್ಮಾವರ, ಬೈಂದೂರುಗಳು ತಾಲೂಕಿನ ಪಟ್ಟಕ್ಕೇರಿದ್ದು ಈಚೆಗೆ, 2018ರಲ್ಲಿ. ಮೈದಾನಗಳು ಅದಕ್ಕಿಂತ ಹಳೆಯವು. ಊರೆಂದ ಮೇಲೆ ಅದರ ನಡುವೆ ಒಂದು ಬಯಲಿರಬೇಕು, ಆ ಬಯಲಿಗೆ ಒಬ್ಬ ಮಹಾತ್ಮನ ಹೆಸರಿರಬೇಕು ಎಂಬ ಭಾವನೆ ನಮ್ಮ ಹಿರಿಯರಲ್ಲಿ ಇದ್ದಂತೆ ತೋರುತ್ತದೆ. ಹೆಸರಿಟ್ಟ ಬಯಲಿಗೆ ಯಾರೂ ಸುಲಭವಾಗಿ ಕೈಹಾಕಲಾರರು ಎಂಬ ಲೌಕಿಕ ಜಾಣತನವೂ ಅದರಲ್ಲಿ ಸೇರಿದ್ದೀತು. ಈ ಹೊತ್ತು ನಾನು ಹೇಳಹೊರಟಿರುವುದು ಹೆಚ್ಚಾಗಿ ಹೆಸರಿಲ್ಲದ ಬಯಲುಗಳ ವಿಚಾರ. ಆದರೂ ಹೆಸರುಳ್ಳವುಗಳಿಂದ ಪ್ರಾರಂಭಿಸುವುದು ಮರ್ಯಾದೆ.

ಕುಂದಾಪುರದ ಪೇಟೆ ಮೂರು ಕಡೆ ನೀರಿನಿಂದ ಆವೃತವಾದ ಊರು. ಪಂಚಗಂಗಾವಳಿಯ ಹೊಳೆ ಅದನ್ನು ತೋಳಿನಲ್ಲಿ ಅಪ್ಪಿಕೊಂಡಂತೆ ಹರಿದು ಕೋಡಿಯ ಬಳಿ ಕಡಲನ್ನು ಸೇರುತ್ತದೆ. ಆದಕಾರಣ ಪೇಟೆ ಬೆಳೆಯಬೇಕಾದರೆ ಇದ್ದ ಜಾಗದಲ್ಲಿಯೇ ಒತ್ತಿಕೊಂಡು ಬೆಳೆಯಬೇಕು. ಖಾರ್ವಿಕೇರಿಯಂಥ ಹಳೆಯ ಕೇರಿಗಳಲ್ಲಿ ಮನೆಯ ಗೋಡೆಗೆ ಗೋಡೆ, ಸೂರಿಗೆ ಸೂರು. ಇಂಥ ಊರಿನಲ್ಲಿ ಗಾಂಧಿ ಮೈದಾನ, ನೆಹರೂ ಮೈದಾನಗಳು ಉಳಿದುಕೊಂಡಿರುವುದು ಸಣ್ಣ ಸಂಗತಿಯಲ್ಲ. ಗಾಂಧೀಜಿಯವರು 1934ರ ಫೆಬ್ರವರಿಯಲ್ಲಿ ತಮ್ಮ ಹರಿಜನ ಪ್ರವಾಸದ ಕಾಲದಲ್ಲಿ ಕುಂದಾಪುರಕ್ಕೆ ಬಂದು ಹೋದದ್ದುಂಟು. ಅವರ ಹೆಸರಿನ ಮೈದಾನದಲ್ಲಿ ಈಗ ಶಾಲಾಮಕ್ಕಳ ಕ್ರೀಡಾಕೂಟವೂ ನಡೆಯುತ್ತದೆ, ಚುನಾವಣೆಯ ಭಾಷಣವೂ ನಡೆಯುತ್ತದೆ, ಬೇಸಗೆ ಬಂತೆಂದರೆ ಹೊನಲು ಬೆಳಕಿನ ಕ್ರಿಕೆಟ್ಟೂ ನಡೆಯುತ್ತದೆ. ನೆಹರೂ ಮೈದಾನವೆಂದರೆ ನನ್ನ ವಯಸ್ಸಿನವರಿಗೆ ಡೇರೆ ಮೇಳದ ಯಕ್ಷಗಾನ. ಟಿಕೇಟು ಕೊಳ್ಳಲಾರದ ದಿನ ಡೇರೆಯ ಹೊರಗೆ ನಿಂತು ಬರಿಯ ಚೆಂಡೆ ಕೇಳಿ ಮನೆಗೆ ಹೋದವರಲ್ಲಿ ನಾನೂ ಒಬ್ಬ.

ಇಷ್ಟೆಲ್ಲ ನಿಜ. ಆದರೆ ಮೈದಾನವೇ ಬೇರೆ, ಉದ್ಯಾನವೇ ಬೇರೆ. ಮೈದಾನ ಎಲ್ಲರದೂ ಹೌದಾದರೂ ಅದು ಗಟ್ಟಿಯಾಗಿ ಓಡಬಲ್ಲವರದು, ಗಟ್ಟಿಯಾಗಿ ಕೂಗಬಲ್ಲವರದು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಅಲ್ಲಿ ಕೂತು ದಣಿವಾರಿಸಿಕೊಳ್ಳುವೆನೆಂದು ಹೊರಟ ಅಜ್ಜಿಗೆ ನೆರಳು ಸಿಕ್ಕದು. ಮೂರು ವರ್ಷದ ಕೂಸನ್ನು ಅಲ್ಲಿ ಬಿಟ್ಟು ತಾಯಿ ನಿಶ್ಚಿಂತಳಾಗಿರಲಾರಳು. ಚೆಂಡು ಎಲ್ಲಿಂದ ಹಾರಿ ಬಂದೀತೋ ಹೇಳುವಂತಿಲ್ಲ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನಿಂದ ನನ್ನ ಮೊಮ್ಮಗ ಬೇಸಗೆ ರಜೆಗೆಂದು ಬಂದಿದ್ದ. ಆಗ ಅವನಿಗೆ ಆರು ವರ್ಷ. ಬಂದ ಮರುದಿನ ಸಂಜೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು, "ಅಜ್ಜ, ಇಲ್ಲಿ ಪಾರ್ಕ್ ಎಲ್ಲಿದೆ?" ಎಂದು ಕೇಳಿದ. ನಾನು ನಿರುತ್ತರನಾದೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳಿಗೆ ಪಾಠ ಹೇಳಿದವನಿಗೆ ಒಂದು ಮಗುವಿನ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಆ ಹೊತ್ತಿಗೆ ಪಕ್ಕದ ಮನೆಯ ಹುಡುಗ ಬೇಲಿಯಾಚೆಯಿಂದ, "ಪಾರ್ಕ್ ಗೀರ್ಕ್ ಎಂತ ಇಲ್ಲೆ, ಗೆದ್ದಿ ಇತ್ತ್, ಬಾ ಮಾರಾಯ" ಎಂದು ಅವನ ಕೈಹಿಡಿದು ಎಳೆದುಕೊಂಡು ಹೋದ. ರಾತ್ರಿ ಊಟದ ಹೊತ್ತಿಗೆ ಮೊಮ್ಮಗ ಮೊಣಕಾಲು ತರಚಿಕೊಂಡು, ತಲೆಗೂದಲಲ್ಲಿ ಹುಲ್ಲು ಸಿಕ್ಕಿಸಿಕೊಂಡು, ಪರಮಾನಂದದಿಂದ ಮರಳಿದ.

ಆ ಹುಡುಗ ಹೇಳಿದ್ದು ನಮ್ಮ ಸೀಮೆಯ ಇತಿಹಾಸವನ್ನೇ ಒಂದು ವಾಕ್ಯದಲ್ಲಿ ಹೇಳಿದಂತಾಯಿತು. ನಮಗೆ ಪಾರ್ಕು ಇರಲಿಲ್ಲ, ಗದ್ದೆ ಇತ್ತು. ನಮ್ಮ ಕಡೆಯ ಗದ್ದೆಗಳ ಕ್ರಮವನ್ನು ಘಟ್ಟದ ಮೇಲಿನ ಕೇಳುಗರಿಗಾಗಿ ಸ್ವಲ್ಪ ವಿವರಿಸುತ್ತೇನೆ. ತಗ್ಗಿನಲ್ಲಿರುವುದು ಬೈಲು ಗದ್ದೆ, ನಡುಮಟ್ಟದ್ದು ಮಜಲು, ಎತ್ತರದ್ದು ಬೆಟ್ಟು. ಬೈಲಿನಲ್ಲಿ ನೀರು ನಿಲ್ಲುವುದರಿಂದ ಕಾರ್ತಿ, ಸುಗ್ಗಿ, ಕೊಳಕೆ ಎಂದು ಎರಡು ಮೂರು ಬೆಳೆ ತೆಗೆಯುತ್ತಿದ್ದರು. ಬೆಟ್ಟುಗದ್ದೆಗೆ ಮಳೆಯೇ ಗತಿ, ಒಂದೇ ಬೆಳೆ. ಅದರ ಕೊಯ್ಲು ದೀಪಾವಳಿಯ ಹಿಂದುಮುಂದಿಗೆ ಮುಗಿಯಿತೆಂದರೆ ಕೆಲವೆಡೆ ಉದ್ದು, ನೆಲಗಡಲೆ ಬಿತ್ತುವರು. ಬಿತ್ತದೆ ಬಿಟ್ಟ ಗದ್ದೆ ಮುಂದಿನ ಮಳೆಗಾಲದವರೆಗೆ ಊರಿನ ಆಸ್ತಿ. ದನಗಳು ಮೇಯುವವು, ಕೂಳೆ ಒಣಗುವುದು, ನೆಲ ಗಟ್ಟಿಯಾಗುವುದು. ಜನವರಿಯ ಹೊತ್ತಿಗೆ ಹುಡುಗರು ನಾಲ್ಕು ಕೋಲು ನೆಟ್ಟರೆ ಆಟದ ಬಯಲು ಸಿದ್ಧ. ಲಗೋರಿ, ಚಿಣ್ಣಿದಾಂಡು, ಕಬಡ್ಡಿ, ವಾಲಿಬಾಲು, ಕ್ರಿಕೆಟ್ಟು, ಕಾಲಕ್ಕೆ ತಕ್ಕ ಆಟ. ಗದ್ದೆಯ ಅಂಚೇ ಬೌಂಡರಿ. ಹೀಗಾಗಿ ನಾಲ್ಕು ಓಟವೋ ಆರು ಓಟವೋ ಎಂಬ ಜಗಳ ನಮ್ಮಲ್ಲಿ ಕಡಮೆ.

ಮಕ್ಕಳದು ಮಾತ್ರವೆಂದು ತಿಳಿಯಬೇಡಿ. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆಗಳ ಮೇಳಗಳು ತಿರುಗಾಟ ಹೊರಟು ರಾತ್ರಿಯ ಆಟಕ್ಕೆ ರಂಗಸ್ಥಳ ಕಟ್ಟುತ್ತಿದ್ದುದು ಕೊಯ್ಲಾದ ಗದ್ದೆಯಲ್ಲಿ. ಅದಕ್ಕೆ ಬಯಲಾಟವೆಂದೇ ಹೆಸರು. ಬಯಲು, ಆಟ ಎಂಬ ಎರಡು ಶಬ್ದಗಳನ್ನು ಬೆಸೆದು ಒಂದು ಮಹಾಕಲೆಗೆ ಹೆಸರಿಟ್ಟ ಜನ ನಾವು. ವಂಡಾರಿನಲ್ಲಿ, ತಗ್ಗರ್ಸೆಯಲ್ಲಿ ಕಂಬಳ ನಡೆಯುವುದೂ ಗದ್ದೆಯಲ್ಲಿಯೇ. ಮದುವೆಯ ಚಪ್ಪರ, ಊರಿನ ಪಂಚಾಯಿತಿಕೆ, ಕೋಲದ ಸಂಭ್ರಮ, ಎಲ್ಲಕ್ಕೂ ಅದೇ ಜಾಗ. ಯಾರ ಅಪ್ಪಣೆಯನ್ನೂ ಬರವಣಿಗೆಯಲ್ಲಿ ಕೇಳಿದ್ದಿಲ್ಲ. ಗದ್ದೆಯ ಯಜಮಾನರು ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಆಟ ಚೆನ್ನಾಗಿ ಬಂದರೆ ಮಜ್ಜಿಗೆನೀರೂ ಬರುತ್ತಿತ್ತು.

ಹೀಗೆಂದು ಹಳೆಯ ಕಾಲವನ್ನು ಬಂಗಾರವೆಂದು ಹೊಗಳಿದರೆ ನಾನು ಸುಳ್ಳು ಹೇಳಿದಂತಾಗುವುದು. ಆ ಗದ್ದೆಯಲ್ಲಿ ಎಲ್ಲರ ಮಕ್ಕಳೂ ಆಡಲಿಲ್ಲ. ಕೆಲವರ ಮಕ್ಕಳು ಅಂಚಿನ ಮೇಲೆ ನಿಂತು, ದೂರ ಹೋದ ಚೆಂಡನ್ನು ಹೆಕ್ಕಿ ಎಸೆಯುವುದಕ್ಕೆ ಮಾತ್ರ ನಮಗೆ ಬೇಕಾಗಿದ್ದರು. ಅದು ಅನ್ಯಾಯವೆಂದು ನಮಗೆ ತೋರಲಿಲ್ಲ. ತೋರಲಿಲ್ಲವೆಂಬುದೇ ಈಗ ನಾಚಿಕೆಯಾಗಿ ಉಳಿದಿದೆ. ನಮ್ಮ ಅಕ್ಕತಂಗಿಯರು ಅಂಗಳದಲ್ಲಿ ಕುಂಟಾಬಿಲ್ಲೆ ಆಡಿದರು, ಜಗಲಿಯಲ್ಲಿ ಚೆನ್ನೆಮಣೆ ಆಡಿದರು. ಹೆಣ್ಣುಮಕ್ಕಳು ಗದ್ದೆಗೆ ಇಳಿದದ್ದು ನಟ್ಟಿಗೆ, ಕಳೆಗೆ, ಕೊಯ್ಲಿಗೆ, ಆಟಕ್ಕಲ್ಲ. ಗದ್ದೆ ಊರಿನದೆಂದು ಈಗತಾನೆ ಹೇಳಿದೆನಲ್ಲ, ಆ ಊರಿನೊಳಗೆ ಯಾರು ಯಾರು ಸೇರಿದ್ದರು ಎಂಬುದನ್ನೂ ಹೇಳದಿದ್ದರೆ ಲೆಕ್ಕ ತಪ್ಪುತ್ತದೆ.

ಗದ್ದೆ ಬಿಟ್ಟರೆ ನಮಗಿದ್ದ ಹಸಿರೆಂದರೆ ಹಾಡಿ ಮತ್ತು ನಾಗಬನ. ಹಾಡಿಯೆಂದರೆ ಮನೆಯ ಹಿಂದಿನ ಕುರುಚಲು ಕಾಡು. ಹಟ್ಟಿಗೆ ಸೊಪ್ಪು, ಒಲೆಗೆ ದರಗು, ಮಕ್ಕಳಿಗೆ ಗೇರುಹಣ್ಣು, ಕುಂಟುನೇರಳೆ ಒದಗಿಸುತ್ತಿದ್ದ ಭಂಡಾರ. ನಾಗಬನದ ಕಥೆಯೇ ಬೇರೆ. ಪೇಟೆಯ ನಟ್ಟನಡುವೆ, ನಾಲ್ಕಾರು ಮನೆಗಳ ಹಿತ್ತಿಲು ಕೂಡುವಲ್ಲಿ, ಅರ್ಧ ಗುಂಟೆಯಷ್ಟು ಜಾಗದಲ್ಲಿ ಹಾಲೆ, ಸುರಗಿ, ರೆಂಜೆ, ಹೆಸರು ತಿಳಿಯದ ಬಳ್ಳಿಗಳು ಒಂದರ ಮೇಲೊಂದು ಬಿದ್ದು ಬೆಳೆದು ಹಗಲಿನಲ್ಲಿಯೂ ಮಬ್ಬು. ಅಲ್ಲಿಯ ಒಂದು ಎಲೆಯನ್ನೂ ಕೀಳಕೂಡದು, ಬಿದ್ದ ಕಟ್ಟಿಗೆಯನ್ನೂ ತರಕೂಡದು ಎಂದು ಅಜ್ಜಿ ಹೆದರಿಸಿದ್ದರು. ಮಕ್ಕಳಿಗೆ ಅಲ್ಲಿ ಪ್ರವೇಶವಿರಲಿಲ್ಲ, ನಿಜ. ಆದರೆ ಫಾಲ್ಗುಣದಲ್ಲಿ ಸುರಗಿ ಅರಳಿದಾಗ ಅದರ ಪರಿಮಳಕ್ಕೆ ಯಾವ ಬೇಲಿಯೂ ಇರಲಿಲ್ಲ. ಬನದ ಪಕ್ಕದ ಬಾವಿ ಮೇ ತಿಂಗಳಲ್ಲಿಯೂ ಬತ್ತುತ್ತಿರಲಿಲ್ಲ. ಭಕ್ತಿ ಕಾಪಾಡಿದ ಈ ಪುಟ್ಟ ಕಾಡುಗಳನ್ನು ಭಕ್ತಿಯೇ ಈಗ ಕಡಿಯುತ್ತಿದೆ. ಕೈಯಲ್ಲಿ ನಾಲ್ಕು ಕಾಸು ಸೇರಿತೆಂದರೆ ಮರ ಉರುಳಿಸಿ, ನೆಲಕ್ಕೆ ಹಾಸುಗಲ್ಲು ಹೊದಿಸಿ, ಸುತ್ತ ಸಿಮೆಂಟಿನ ಕಟ್ಟೆ ಕಟ್ಟುವುದು ಜೀರ್ಣೋದ್ಧಾರವೆನಿಸಿಕೊಂಡಿದೆ. ಬನವೆಂದರೆ ವನವೆಂಬ ಅರ್ಥವೇ ಮರೆತುಹೋದ ಮೇಲೆ ಉದ್ಧಾರವಾಗಲು ಏನು ಉಳಿಯಿತು? ನಾಗನಿಗೆ ಬಿಸಿಲು ಹಿತವೋ ನೆರಳು ಹಿತವೋ ಎಂದು ಕೇಳುವವರಿಲ್ಲ.

ಇನ್ನು ಉದ್ಯಾನವೆಂಬುದು ಲೋಕದಲ್ಲಿ ಹೇಗೆ ಹುಟ್ಟಿತು ಎಂಬುದನ್ನು ತುಸು ನೋಡೋಣ. ಅರಸರ ಉದ್ಯಾನಗಳು ಪುರಾತನವಾದವು. ಹೈದರಾಲಿ 1760ರಲ್ಲಿ ಬೆಂಗಳೂರಿನ ಲಾಲ್‌ಬಾಗನ್ನು ಆರಂಭಿಸಿದ್ದು ತನ್ನ ತೋಟವೆಂದು. ಸಾಮಾನ್ಯ ಜನ ಹೋಗಿ ಕೂರುವುದಕ್ಕೆಂದೇ ಊರಿನ ನಡುವೆ ಮಾಡಿದ ಉದ್ಯಾನ ಹೆಚ್ಚು ಹಳೆಯದಲ್ಲ. ಇಂಗ್ಲೆಂಡಿನಲ್ಲಿ ಹಳ್ಳಿಗಳ ಸುತ್ತ ಎಲ್ಲರೂ ದನ ಮೇಯಿಸುವ, ಆಟವಾಡುವ ಸಾಮುದಾಯಿಕ ಬಯಲುಗಳಿದ್ದವು. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಪಾರ್ಲಿಮೆಂಟು ಒಂದರ ಮೇಲೊಂದು ಕಾಯಿದೆ ಮಾಡಿ ಅವುಗಳಿಗೆ ಬೇಲಿ ಹಾಕಿಸಿ ಭೂಮಾಲಿಕರ ವಶಕ್ಕೆ ಕೊಟ್ಟಿತು. ನೆಲ ಕಳೆದುಕೊಂಡ ಜನ ಮಿಲ್ಲುಗಳ ಊರಿಗೆ ಬಂದು ಹೊಗೆಯಲ್ಲಿ ಬಾಳಿದರು. ಅವರ ಮಕ್ಕಳಿಗೆ ಆಡಲು ಒಂದು ಚದರ ಗಜ ಹುಲ್ಲೂ ಇಲ್ಲವೆಂದು ಕೂಗೆದ್ದ ಮೇಲೆ ಮ್ಯಾಂಚೆಸ್ಟರಿನಲ್ಲಿ ಸಾರ್ವಜನಿಕರಿಂದ ಚಂದಾ ಎತ್ತಿ 1846ರಲ್ಲಿ ಮೂರು ಉದ್ಯಾನಗಳನ್ನು ತೆರೆದರು. ಮರುವರ್ಷ ಬರ್ಕನ್‌ಹೆಡ್ಡಿನ ಉದ್ಯಾನ ತೆರೆಯಿತು. ಅದನ್ನು 1850ರಲ್ಲಿ ನೋಡಿ ಮೆಚ್ಚಿದ ಓಮ್‌ಸ್ಟೆಡ್ ಎಂಬ ಅಮೆರಿಕದವನೇ ಮುಂದೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕನ್ನು ಯೋಜಿಸಿದವರಲ್ಲಿ ಒಬ್ಬ. ನಮ್ಮ ಬೆಂಗಳೂರಿನಲ್ಲಿ ಸ್ಯಾಂಕಿ ಎಂಬ ಇಂಜಿನಿಯರು ಕಬ್ಬನ್ ಪಾರ್ಕನ್ನು ರೂಪಿಸಿದ್ದು 1870ರಲ್ಲಿ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಮೊದಲು ಬಯಲು ಹೋಯಿತು, ಆಮೇಲೆ ಪಾರ್ಕು ಬಂತು. ಕಳೆದುಕೊಂಡದ್ದರ ನೂರರಲ್ಲಿ ಒಂದು ಪಾಲನ್ನು, ಬೇಲಿ ಹಾಕಿ ಬೆಂಚು ಇಟ್ಟು ಹಿಂದಕ್ಕೆ ಕೊಟ್ಟಂತೆ. ನಮ್ಮ ಕರಾವಳಿಯ ಪೇಟೆಗಳು ಈಗ ನಿಂತಿರುವುದು ಆ ಎರಡು ಘಟ್ಟಗಳ ನಡುವೆ. ಬಯಲು ಹೋಗುತ್ತಿದೆ, ಪಾರ್ಕು ಇನ್ನೂ ಬಂದಿಲ್ಲ.

ಏಕೆ ಬಂದಿಲ್ಲ? ಪುರಸಭೆಗಳ ಔದಾಸೀನ್ಯವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಕಾರಣ ಇನ್ನೂ ಆಳದಲ್ಲಿದೆ. ಬೆಂಗಳೂರಿನಂಥ ನಗರ ಬೆಳೆಯುವುದು ಬಡಾವಣೆ ಬಡಾವಣೆಯಾಗಿ. ನೂರಾರು ಎಕರೆಯನ್ನು ಒಟ್ಟಿಗೆ ತೆಗೆದುಕೊಂಡು, ರಸ್ತೆ ಎಳೆದು, ನಿವೇಶನ ಹಂಚುತ್ತಾರೆ. ಅಲ್ಲಿಯ ಅಭಿವೃದ್ಧಿ ಪ್ರಾಧಿಕಾರದ ಕಾಯಿದೆ ಬಡಾವಣೆಯ ಶೇಕಡಾ 15ರಷ್ಟು ನೆಲವನ್ನು ಉದ್ಯಾನಕ್ಕೂ ಆಟದ ಬಯಲಿಗೂ ಬಿಡಬೇಕೆಂದು ವಿಧಿಸಿದೆ. ಬಿಟ್ಟ ನೆಲ ನಕ್ಷೆಯಲ್ಲಿ ಹಸಿರು ಬಣ್ಣದಲ್ಲಿ ಕಾಣುತ್ತದೆ. ನಮ್ಮ ಊರುಗಳು ಬೆಳೆದದ್ದು ಹಾಗಲ್ಲ, ಸೆಂಟ್ಸು ಸೆಂಟ್ಸಾಗಿ. 1974ರ ಭೂಸುಧಾರಣೆಯಿಂದ ಗೇಣಿದಾರನು ಗದ್ದೆಯ ಒಡೆಯನಾದ. ಅದು ಆಗಲೇಬೇಕಾಗಿದ್ದ ನ್ಯಾಯ. ಮುಂದಿನ ತಲೆಮಾರಿನಲ್ಲಿ ಆ ಗದ್ದೆ ನಾಲ್ಕು ಪಾಲಾಯಿತು, ಅದರ ಮುಂದಿನದರಲ್ಲಿ ಹತ್ತು ಪಾಲಾಯಿತು. ನಾಟಿಗೆ ಜನ ಸಿಕ್ಕದೆ, ಅಕ್ಕಿಗೆ ಬೆಲೆ ಸಿಕ್ಕದೆ, ಮಗನನ್ನು ಓದಿಸುವುದಕ್ಕೋ ಮಗಳ ಮದುವೆಗೋ ಒಬ್ಬ ಐದು ಸೆಂಟ್ಸು ಮಾರಿದ, ಇನ್ನೊಬ್ಬ ಹತ್ತು ಮಾರಿದ. ಒಂದೊಂದು ತುಂಡಿಗೂ ಪ್ರತ್ಯೇಕ ಭೂಪರಿವರ್ತನೆ, ಪ್ರತ್ಯೇಕ ನಕ್ಷೆ, ಪ್ರತ್ಯೇಕ ಪಾಗಾರ. ಐದು ಸೆಂಟ್ಸಿನ ನಕ್ಷೆಯಲ್ಲಿ ಉದ್ಯಾನಕ್ಕೆ ಎಷ್ಟು ಬಿಡುವುದು? ಹೀಗೆ ನೂರು ಮನೆಗಳಾದ ಮೇಲೆ ಎದ್ದು ನೋಡಿದರೆ ಅಲ್ಲೊಂದು ಪೇಟೆಯೇ ಆಗಿದೆ; ಮಕ್ಕಳಿಗೆಂದು ಯಾರೂ ಏನೂ ಬಿಟ್ಟಿಲ್ಲ. ಯಾರೂ ಕಾನೂನು ಮುರಿದಿಲ್ಲ ಎಂಬುದೇ ಇದರ ವಿಚಿತ್ರ.

ಆ ನೂರು ಜನರಲ್ಲಿ ನಾನೂ ಒಬ್ಬ. ಇದನ್ನು ಮುಚ್ಚಿಟ್ಟು ಈ ಭಾಷಣ ಮಾಡುವುದು ಸರಿಯಲ್ಲ. ನಿವೃತ್ತಿಗೆ ಮೂರು ವರ್ಷವಿರುವಾಗ ಪೇಟೆಯಂಚಿನ ಒಂದು ಬೆಟ್ಟುಗದ್ದೆಯಲ್ಲಿ ಎಂಟು ಸೆಂಟ್ಸು ಕೊಂಡೆ. ಟಿಪ್ಪರುಗಳಲ್ಲಿ ಕೆಂಪುಮಣ್ಣು ತರಿಸಿ ಮೂರು ಅಡಿ ತುಂಬಿಸಿದೆ. ಮುರಕಲ್ಲಿನ ಪಾಗಾರ ಕಟ್ಟಿಸಿದೆ. ಮಣ್ಣು ಬೀಳುತ್ತಿದ್ದ ದಿನ ಕೆಲವು ಹುಡುಗರು ರಸ್ತೆಯಲ್ಲಿ ನಿಂತು ನೋಡುತ್ತಿದ್ದರು. ಟಿಪ್ಪರು ನೋಡುವುದು ಹುಡುಗರಿಗೆ ಖುಷಿ ಎಂದುಕೊಂಡೆ. ಅವರಲ್ಲೊಬ್ಬನ ಕಂಕುಳಲ್ಲಿ ಬ್ಯಾಟು ಇತ್ತು ಎಂಬುದು ನನ್ನ ನೆನಪಿಗೆ ಬಂದದ್ದು ಮೊಮ್ಮಗನ ಪ್ರಶ್ನೆ ಕೇಳಿದ ರಾತ್ರಿ.

ಮೂರು ಅಡಿ ಮಣ್ಣಿನ ಪರಿಣಾಮ ಆಟಕ್ಕೆ ಮಾತ್ರ ನಿಲ್ಲುವುದಿಲ್ಲ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 4,000 ಮಿಲಿಮೀಟರು ಮಳೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಒಂದು ದಿನಕ್ಕೆ 100 ಮಿಲಿಮೀಟರು ಬಂದರೆ ಯಾರೂ ಹುಬ್ಬೇರಿಸುವುದಿಲ್ಲ. ಒಂದು ಎಕರೆಯ ಮೇಲೆ 100 ಮಿಲಿಮೀಟರು ಮಳೆಯೆಂದರೆ ಎಷ್ಟು ನೀರು? ಲೆಕ್ಕ ಹಾಕಿದರೆ ನಾಲ್ಕು ಲಕ್ಷ ಲೀಟರು. ಅಂಚು ಕಟ್ಟಿದ ಗದ್ದೆ ಆ ನಾಲ್ಕು ಲಕ್ಷ ಲೀಟರನ್ನು ಮಗುವನ್ನು ಮಡಿಲಲ್ಲಿಟ್ಟುಕೊಂಡಂತೆ ಇಟ್ಟುಕೊಳ್ಳುತ್ತಿತ್ತು. ಸ್ವಲ್ಪ ಸ್ವಲ್ಪವೇ ಕೆಳಗಿನ ಗದ್ದೆಗೆ, ಅಲ್ಲಿಂದ ತೋಡಿಗೆ, ತೋಡಿನಿಂದ ಹೊಳೆಗೆ ಬಿಡುತ್ತಿತ್ತು. ಇಂಗಿದ್ದು ಬಾವಿಗೆ ಸೇರುತ್ತಿತ್ತು. ಈಗ ಗದ್ದೆ ಇದ್ದಲ್ಲಿ ದಿಬ್ಬಗಳಿವೆ, ತೋಡು ಇದ್ದಲ್ಲಿ ಮೋರಿಯಿದೆ. ಆಷಾಢದಲ್ಲಿ ನನ್ನ ಎತ್ತರಿಸಿದ ಅಂಗಳದಿಂದ ಹರಿದ ನೀರು ತಗ್ಗಿನಲ್ಲಿರುವ ಹಳೆಯ ಮನೆಯವರ ಹಟ್ಟಿಗೆ ನುಗ್ಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅವರು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಹೀಗೆ ಊರ ನಡುವಿನ ಬಯಲು ಮಕ್ಕಳ ಆಟದ ಜಾಗವೂ ಹೌದು, ನೀರಿನ ಜಾಗವೂ ಹೌದು. ಬೇಸಗೆಯಲ್ಲಿ ಮಕ್ಕಳು ಬರುವರು, ಮಳೆಗಾಲದಲ್ಲಿ ನೀರು ಬರುವುದು. ಇಬ್ಬರಿಗೂ ನಾವು ಬಾಗಿಲು ಹಾಕಿದ್ದೇವೆ.

ಕಾನೂನಿನಲ್ಲಿ ರಕ್ಷಣೆ ಇಲ್ಲವೆ ಎಂದು ತಾವು ಕೇಳಬಹುದು. ಇದೆ. ಕಬ್ಬನ್ ಪಾರ್ಕು, ಲಾಲ್‌ಬಾಗುಗಳಂಥ ಸರ್ಕಾರಿ ಉದ್ಯಾನಗಳ ರಕ್ಷಣೆಗಾಗಿ 1975ರಲ್ಲಿಯೇ ರಾಜ್ಯದಲ್ಲಿ ಕಾಯಿದೆಯಾಯಿತು. 1985ರ ಇನ್ನೊಂದು ಕಾಯಿದೆ ಉದ್ಯಾನ, ಆಟದ ಬಯಲು ಮತ್ತು ತೆರೆದ ಜಾಗಗಳಿಗೆ ಸಂಬಂಧಿಸಿದ್ದು. ಸ್ಥಳೀಯ ಸಂಸ್ಥೆಗಳು ತಮ್ಮ ವ್ಯಾಪ್ತಿಯಲ್ಲಿರುವ ಇಂಥ ಜಾಗಗಳ ಪಟ್ಟಿ ಮಾಡಬೇಕು, ಅವನ್ನು ಬೇರೆ ಕೆಲಸಕ್ಕೆ ಬಳಸಕೂಡದು ಎಂಬುದು ಅದರ ಆಶಯ. ಬೆಂಗಳೂರಿನ ಸದಾಶಿವನಗರದ ಕಡೆ ಉದ್ಯಾನಕ್ಕೆಂದು ಬಿಟ್ಟಿದ್ದ ಒಂದು ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಕೊಟ್ಟಾಗ ಅಲ್ಲಿಯ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1991ರಲ್ಲಿ ಬಂದ ತೀರ್ಪು ನಿವಾಸಿಗಳ ಪರವಾಗಿತ್ತು. ಆಸ್ಪತ್ರೆ ಎಷ್ಟೇ ಒಳ್ಳೆಯದಾದರೂ ಅದು ಉದ್ಯಾನದ ಸ್ಥಾನವನ್ನು ತುಂಬಲಾರದು, ಶುದ್ಧ ಗಾಳಿ, ಮಕ್ಕಳ ಆಟ, ವೃದ್ಧರ ವಿಶ್ರಾಂತಿ ಇವು ಸಾರ್ವಜನಿಕ ಹಿತದ ವಿಷಯಗಳೆಂದು ನ್ಯಾಯಮೂರ್ತಿಗಳು ಎತ್ತಿಹಿಡಿದರು. ಹಳ್ಳಿಯ ಕೆರೆಗೋಮಾಳಗಳಂಥ ಸಾಮುದಾಯಿಕ ನೆಲದ ಅತಿಕ್ರಮಣವನ್ನು ತೆರವು ಮಾಡಿಸಬೇಕೆಂದು 2011ರಲ್ಲಿ ಅದೇ ನ್ಯಾಯಾಲಯ ಎಲ್ಲ ರಾಜ್ಯಗಳಿಗೆ ನಿರ್ದೇಶನವಿತ್ತಿತು.

ಆದರೆ ಇವೆಲ್ಲ ಕಾಗದದಲ್ಲಿ ಹೆಸರಿರುವ ಜಾಗಗಳಿಗೆ. ಸದಾಶಿವನಗರದವರು ಗೆದ್ದದ್ದು ನಕ್ಷೆಯಲ್ಲಿ ಅದು ಉದ್ಯಾನವೆಂದು ಬರೆದಿದ್ದರಿಂದ. ನಮ್ಮ ಆಟದ ಗದ್ದೆಯ ಪಹಣಿಯಲ್ಲಿ ಏನಿದೆ? ಒಬ್ಬರ ಹೆಸರಿದೆ, ಭತ್ತವೆಂದು ಬೆಳೆಯ ಹೆಸರಿದೆ. ಆರು ತಿಂಗಳು ಅದು ಎಲ್ಲರದಾಗಿತ್ತೆಂದು ಯಾವ ಕಾಲಮ್ಮಿನಲ್ಲಿಯೂ ಇಲ್ಲ. ರೂಢಿಯಿಂದ ಬಂದದ್ದು ರೂಢಿಯಿಂದಲೇ ಹೋಗುತ್ತದೆ. ಅದರ ಪರವಾಗಿ ಯಾವ ಕಚೇರಿಗೆ ಅರ್ಜಿ ಕೊಡುವುದು?

ನಮ್ಮಲ್ಲಿ ನೋಡುವಂಥ ಜಾಗಗಳಿಲ್ಲವೆಂದಲ್ಲ. ಕೋಡಿಯ ಕಡಲತೀರವಿದೆ, ಈಚಿನ ವರ್ಷಗಳಲ್ಲಿ ಅಲ್ಲಿ ಆಲಿವ್ ರಿಡ್ಲೆ ಜಾತಿಯ ಕಡಲಾಮೆಗಳು ಬಂದು ಮೊಟ್ಟೆಯಿಟ್ಟದ್ದು ಊರಿಗೇ ಹೆಮ್ಮೆಯ ಸುದ್ದಿಯಾಯಿತು. ಬೈಂದೂರಿನ ಒತ್ತಿನೆಣೆಯಿದೆ, ಮರವಂತೆಯಿದೆ. ಬಾಲವನವೆಂದು ಹೆಸರಿಟ್ಟು ಪುತ್ತೂರಿನಲ್ಲಿ ಮಕ್ಕಳ ಆಟಪಾಠಗಳ ಪ್ರಯೋಗ ನಡೆಸಿದ ಶಿವರಾಮ ಕಾರಂತರು ಹುಟ್ಟಿದ್ದು ಕೋಟದಲ್ಲಿ. ಕೋಟತಟ್ಟಿನಲ್ಲಿ ಅವರ ಹೆಸರಿನ ಥೀಮ್ ಪಾರ್ಕು ಇದೆ. ಇವೆಲ್ಲ ಭಾನುವಾರದ ಜಾಗಗಳು. ವಾಹನ ಬೇಕು, ಹಿರಿಯರ ಬಿಡುವು ಬೇಕು. ನಾನು ಕೇಳುತ್ತಿರುವುದು ಮಂಗಳವಾರ ಸಂಜೆ ಐದು ಗಂಟೆಗೆ, ಶಾಲೆಯಿಂದ ಬಂದ ಆರು ವರ್ಷದ ಮಗು ದೊಡ್ಡ ರಸ್ತೆ ದಾಟದೆ, ಕರೆದರೆ ಕೇಳುವಷ್ಟು ದೂರದಲ್ಲಿ ಎಲ್ಲಿಗೆ ಹೋಗಬೇಕು ಎಂದು. ವಿಶ್ವ ಆರೋಗ್ಯ ಸಂಸ್ಥೆಯ ಯೂರೋಪು ವಿಭಾಗ 2017ರಲ್ಲಿ ಇದಕ್ಕೊಂದು ಅಳತೆ ಸೂಚಿಸಿತು: ಪ್ರತಿ ಮನೆಯಿಂದ 300 ಮೀಟರಿನೊಳಗೆ, ಅಂದರೆ ಐದು ನಿಮಿಷದ ನಡಿಗೆಯಲ್ಲಿ, ಕನಿಷ್ಠ ಅರ್ಧ ಹೆಕ್ಟೇರು ಹಸಿರು. ಅರ್ಧ ಹೆಕ್ಟೇರೆಂದರೆ ನಮ್ಮ ಲೆಕ್ಕದಲ್ಲಿ ಸುಮಾರು 125 ಸೆಂಟ್ಸು. ಪೇಟೆಯಲ್ಲಿ ಇಂದಿನ ಕ್ರಯಕ್ಕೆ ಅಷ್ಟು ನೆಲ ಕೊಳ್ಳುವ ಪುರಸಭೆ ಈ ಭೂಮಿಯ ಮೇಲೆ ಹುಟ್ಟಬೇಕಷ್ಟೆ.

ಆದಕಾರಣ ನಾವು ನೋಡಬೇಕಾದದ್ದು ಸಣ್ಣ ತುಂಡುಗಳ ಕಡೆಗೆ. ಎರಡನೆಯ ಮಹಾಯುದ್ಧದ ನಂತರ ಆಮ್‌ಸ್ಟರ್‌ಡಾಮ್ ನಗರದಲ್ಲಿ ಆಲ್ಡೊ ವಾನ್ ಐಕ್ ಎಂಬ ವಾಸ್ತುಶಿಲ್ಪಿ ಮಾಡಿದ ಕೆಲಸ ಇಲ್ಲಿ ನೆನಪಿಗೆ ಬರುತ್ತದೆ. ಮನೆ ಬಿದ್ದುಹೋದ ಖಾಲಿ ಜಾಗ, ಎರಡು ರಸ್ತೆ ಕೂಡುವ ಮೂಲೆ, ಯಾರಿಗೂ ಬೇಡವಾದ ತುಂಡುನೆಲ, ಇಂಥವನ್ನು ಹುಡುಕಿ ಒಂದು ಮರಳಿನ ಗುಂಡಿ, ನಾಲ್ಕು ಕಬ್ಬಿಣದ ಕಮಾನು, ಹಾರಲು ಕೆಲವು ಸಿಮೆಂಟಿನ ದಿಂಡು, ಕೂರಲು ಒಂದು ಬೆಂಚು ಇಟ್ಟು ಆಟದ ಜಾಗ ಮಾಡಿದ. 1947ರಿಂದ 1978ರವರೆಗೆ ಹೀಗೆ ಆದವು 700ಕ್ಕೂ ಮಿಕ್ಕಿದವು. ಎಷ್ಟೋ ಜಾಗಗಳನ್ನು ನಗರಸಭೆಗೆ ಸೂಚಿಸಿದವರು ಕೇರಿಯ ನಿವಾಸಿಗಳೇ. ಅಮೆರಿಕದ ಬಾಸ್ಟನ್ ನಗರದಲ್ಲಿ 1880ರ ದಶಕದಲ್ಲಿ ಬಡವರ ಕೇರಿಯ ಮಕ್ಕಳಿಗೆ ಮಾಡಿದ ಮೊದಲ ಆಟದ ತಾಣ ಬರಿಯ ಒಂದು ರಾಶಿ ಮರಳು. ಕಡಲ ಕರೆಯಲ್ಲಿ ಹುಟ್ಟಿದ ನಮಗೆ ಮರಳಿಗೆ ಬರವೇ ಎಂದುಕೊಳ್ಳಬೇಡಿ. ಮನೆ ಕಟ್ಟಿಸಿದವರಿಗೆ ಒಂದು ಲೋಡು ಮರಳಿನ ಕಷ್ಟ ಗೊತ್ತು. ಮಕ್ಕಳಿಗೆ ಅರ್ಧ ಲೋಡು ಸಾಕು.

ನಮ್ಮ ಮಣ್ಣಿಗೂ ಮಳೆಗೂ ಹೊಂದುವಂತೆ ಮಾಡಬೇಕಾದದ್ದು ಮಾತ್ರ ನಾವೇ ಯೋಚಿಸಬೇಕು. ನೆರೆಯ ಊರೊಂದರಲ್ಲಿ, ಹೆಸರು ಬೇಡ, ಮಾಡಿದ ಪುಟ್ಟ ಉದ್ಯಾನವೊಂದನ್ನು ನೋಡಹೋಗಿದ್ದೆ. ವಿದೇಶಿ ಹುಲ್ಲು, ಬಣ್ಣದ ಕಾರಂಜಿ, ಕಬ್ಬಿಣದ ಉಯ್ಯಾಲೆ. ಎರಡನೆಯ ಮಳೆಗಾಲಕ್ಕೆ ಉಪ್ಪುಗಾಳಿಗೆ ಸರಪಳಿ ತುಕ್ಕು ಹಿಡಿದು ಕಡಿದಿತ್ತು, ಕಾರಂಜಿಯಲ್ಲಿ ಸೊಳ್ಳೆ ಸಂಸಾರ ಹೂಡಿತ್ತು, ಗೇಟಿಗೆ ಬೀಗ ಬಿದ್ದಿತ್ತು. ವರ್ಷಕ್ಕೆ ನಾಲ್ಕು ತಿಂಗಳು ಬಿಡದೆ ಮಳೆ ಸುರಿಯುವ ಊರಿನಲ್ಲಿ ಉದ್ಯಾನಕ್ಕೆ ಮೊದಲು ಬೇಕಾದದ್ದು ಹಂಚಿನ ಮಾಡಿನ ಒಂದು ಉದ್ದನೆಯ ಜಗಲಿ. ಮಳೆಗಾಲದಲ್ಲಿ ಮಕ್ಕಳು ಅಲ್ಲಿ ಆಡುವರು, ಬೇಸಗೆಯಲ್ಲಿ ಹಿರಿಯರು ಕೂರುವರು. ಹೆಂಗಸರು ನಿರ್ಭಯವಾಗಿ ಕೂತು ಮಾತಾಡಬಲ್ಲ ಜಾಗವೂ ಅದೇ. ಎರಡು ರೆಂಜೆ, ಒಂದು ಸುರಹೊನ್ನೆ, ಒಂದು ಹಲಸು ನೆಟ್ಟರೆ ಉಪ್ಪುಗಾಳಿಗೂ ಜಗ್ಗದೆ ನಿಲ್ಲುತ್ತವೆ. ತಗ್ಗಿನಲ್ಲಿ ಒಂದಿಷ್ಟು ನೆಲವನ್ನು ಗದ್ದೆಯಂತೆಯೇ ಅಂಚು ಕಟ್ಟಿ ಬಿಟ್ಟರೆ ಮಳೆಗಾಲದಲ್ಲಿ ನೀರು ನಿಲ್ಲುವುದು, ಜನವರಿಯಿಂದ ಹುಡುಗರು ಆಡುವರು. ಸರ್ಕಾರಿ ಶಾಲೆಗಳ ಅಂಗಳವನ್ನು ಸಂಜೆಯ ಹೊತ್ತು ಕೇರಿಯ ಮಕ್ಕಳಿಗೆ ತೆರೆದಿಟ್ಟರೆ ಒಂದು ರೂಪಾಯಿಯ ಭೂಸ್ವಾಧೀನವೂ ಇಲ್ಲದೆ ಅರ್ಧ ಸಮಸ್ಯೆ ಕರಗುವುದು. ಬಾಗಿಲು ಹಾಕುವವರು ಯಾರು, ಹೆಂಚು ಒಡೆದರೆ ಹೊಣೆ ಯಾರು ಎಂಬ ಪ್ರಶ್ನೆಗಳಿಗೆ ಊರವರೇ ಕೂತು ಉತ್ತರ ಹುಡುಕಬೇಕು. ಉಳಿದಿರುವ ಬನಗಳನ್ನು ಸುಮ್ಮನೆ ಬಿಟ್ಟರೆ ಸಾಕು. ಅವುಗಳಿಗೆ ನಾವು ಮಾಡಬಹುದಾದ ಸೇವೆಯೆಂದರೆ ಏನೂ ಮಾಡದಿರುವುದು.

ಕಳೆದ ಏಪ್ರಿಲಿನಲ್ಲಿ ಮೊಮ್ಮಗ ಮತ್ತೆ ಬಂದಿದ್ದ. ಈಗ ಅವನು ಎತ್ತರವಾಗಿದ್ದಾನೆ. ಅವನ ತಂಗಿಯೂ ಜೊತೆಗಿದ್ದಳು. ಪಕ್ಕದ ಮನೆಯ ಹುಡುಗ ಹಿಂದೆ ಕೈಹಿಡಿದು ಎಳೆದೊಯ್ದಿದ್ದ ಆ ಗದ್ದೆಯಲ್ಲಿ ಗಡಿಕಲ್ಲುಗಳು ನಿಂತಿದ್ದವು. ಕೆಂಪುಮಣ್ಣಿನ ಮೂರು ರಾಶಿ ಬಿದ್ದಿತ್ತು. ಹುಡುಗರು ಒಂದೆರಡು ದಿನ ಆ ರಾಶಿಗಳ ಮೇಲೆಯೇ ಹತ್ತಿ ಇಳಿದು ಆಡಿದರು. ಮೂರನೆಯ ದಿನ ಕೆಲಸದವರು ಗದರಿಸಿ ಓಡಿಸಿದರು.

ನನ್ನ ಎಂಟು ಸೆಂಟ್ಸಿನಲ್ಲಿ ಮನೆ ಹೋಗಿ ಬದಿಯಲ್ಲಿ ಸುಮಾರು ಮೂರು ಸೆಂಟ್ಸು ಖಾಲಿ ಇತ್ತು. ಅಲ್ಲಿ ನನ್ನಾಕೆ ಬಸಳೆ ಚಪ್ಪರ ಹಾಕಿದ್ದಳು, ನಾನು ಗುಲಾಬಿ ಬೆಳೆಸುವ ಸಾಹಸ ಮಾಡಿದ್ದೆ. ಗುಲಾಬಿ ನಮ್ಮ ಮಳೆಗೆ ಉಳಿಯುವ ಗಿಡವಲ್ಲ, ಅದನ್ನು ಕಿತ್ತೆ. ಬಸಳೆಯನ್ನು ಹಿತ್ತಿಲಿಗೆ ಸಾಗಿಸಲು ಒಪ್ಪಿಗೆ ಪಡೆಯುವುದಕ್ಕೆ ಹದಿನೈದು ದಿನ ಹಿಡಿಯಿತು. ಮೇಸ್ತ್ರಿಯನ್ನು ಕರೆಸಿ ಪಾಗಾರವನ್ನು ರಸ್ತೆಯ ಕಡೆಗೆ ನಾಲ್ಕು ಅಡಿ ಒಡೆಸಿ, ಹಳೆಯ ಕಾಲದಂತೆ ಒಂದು ದಣಪೆ ಇಡಿಸಿದೆ. ಕಟ್ಟಿದ ಪಾಗಾರವನ್ನು ಯಾಕೆ ಒಡೆಸುತ್ತೀರೆಂದು ಮೇಸ್ತ್ರಿ ಎರಡು ಸಲ ಕೇಳಿದ. ಈಗ ಸಂಜೆ ಹತ್ತು ಹನ್ನೆರಡು ಮಕ್ಕಳು ಬರುತ್ತಾರೆ. ಮೂವರು ಹುಡುಗಿಯರೂ ಇದ್ದಾರೆ. ತಗ್ಗಿನ ಮನೆಯ ಹುಡುಗನೂ ಬರುತ್ತಾನೆ. ಮೂರು ಸೆಂಟ್ಸಿನಲ್ಲಿ ಕ್ರಿಕೆಟ್ಟು ಆಗದು, ಲಗೋರಿ ಆಗುತ್ತದೆ. ಈವರೆಗೆ ಎರಡು ಕಿಟಕಿಯ ಗಾಜು ಒಡೆದಿವೆ. ಒಂದಕ್ಕೆ ಹೊಸ ಗಾಜು ಹಾಕಿಸಿದ್ದೇನೆ, ಇನ್ನೊಂದಕ್ಕೆ ಸದ್ಯಕ್ಕೆ ರಟ್ಟು ಅಂಟಿಸಿದೆ.